ಆಪರೇಷನ್ ಸಕ್ಸಸ್, ಆದರೆ ಮುಂದೇನು? ಮುಂಬೈನ ಟಾಟಾ ಆಸ್ಪತ್ರೆಯ ಅಧ್ಯಯನಗಳು ಹೇಳಿದ್ದೇನು?

'ಆಪರೇಷನ್ ಸಕ್ಸಸ್' ಎಂದು ಡಾಕ್ಟರ್ ಹೊರಗೆ ಬಂದು ಹೇಳಿದ ಕೂಡಲೇ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಆದರೆ ಕ್ಯಾನ್ಸರ್‌ನಂಥ ಕಾಯಿಲೆಯಲ್ಲಿ ಆ ಮಾತಿಗೆ ಇರುವ ಅರ್ಥ ಇಷ್ಟೇ: ಗಡ್ಡೆ ತೆಗೆದಾಗಿದೆ, ರೋಗಿಗೆ ಸದ್ಯಕ್ಕೆ ಅಪಾಯವಿಲ್ಲ. ಮೂರು ವರ್ಷದ ನಂತರ ಅವರು ಹೇಗಿರುತ್ತಾರೆ? ಐದು ವರ್ಷದೊಳಗೆ ಕಾಯಿಲೆ ಮರಳುತ್ತದೆಯೇ? ಬೇರೆ ರೀತಿ ಆಪರೇಷನ್ ಮಾಡಿದ್ದರೆ ಇನ್ನೂ ಹೆಚ್ಚು ದಿನ ಬದುಕುತ್ತಿದ್ದರೇ? ಇವುಗಳಿಗೆ ಆಪರೇಷನ್ ಥಿಯೇಟರ್‌ನಲ್ಲಿ ಉತ್ತರ ಸಿಗುವುದಿಲ್ಲ.

ಉತ್ತರ ಸಿಗುವುದು ನೂರಾರು, ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ ಮಾತ್ರ. ಮುಂಬೈನ ಪರೇಲ್‌ನಲ್ಲಿರುವ ಟಾಟಾ ಮೆಮೋರಿಯಲ್ ಆಸ್ಪತ್ರೆ ಕಳೆದ ಎರಡು ದಶಕಗಳಲ್ಲಿ ಇಂಥ ಹಲವು ಅಧ್ಯಯನ ನಡೆಸಿದೆ. ಕೆಲವು ಅಧ್ಯಯನಗಳು ಜಗತ್ತಿನಾದ್ಯಂತ ಸರ್ಜನ್‌ಗಳು ನಂಬಿಕೊಂಡು ಬಂದಿದ್ದನ್ನೇ ಬದಲಿಸಿದವು. ಆ ಅಧ್ಯಯನಗಳು ಯಾವುವು, ಅವುಗಳನ್ನು ಹೇಗೆ ಮಾಡುತ್ತಾರೆ, ನಿಮ್ಮ ಮನೆಯವರನ್ನು ಇಂಥದ್ದಕ್ಕೆ ಸೇರಿಸಿಕೊಳ್ಳುತ್ತೇವೆ ಎಂದರೆ ಏನು ಕೇಳಬೇಕು? ಇಲ್ಲಿದೆ ಮಾಹಿತಿ.

ಪರೇಲ್‌ನ ಆಸ್ಪತ್ರೆ

ಸರ್ ದೊರಾಬ್ಜಿ ಟಾಟಾ ಟ್ರಸ್ಟ್ ಕಟ್ಟಿಸಿದ ಈ ಆಸ್ಪತ್ರೆ 1941ರ ಫೆಬ್ರವರಿ 28ರಂದು ಆರಂಭವಾಯಿತು. 1957ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಕೈಗೆ ಬಂತು. 1962ರಿಂದ ಕೇಂದ್ರದ ಅಣುಶಕ್ತಿ ಇಲಾಖೆಯ ಅಡಿಯಲ್ಲಿದೆ. ನವಿ ಮುಂಬೈನ ಖಾರ್ಘರ್‌ನಲ್ಲಿ ಇದರ ಸಂಶೋಧನಾ ಕೇಂದ್ರವಿದೆ.

ದೇಶದ ಮೂಲೆಮೂಲೆಗಳಿಂದ ರೋಗಿಗಳು ಇಲ್ಲಿಗೆ ಬರುತ್ತಾರೆ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ರೈಲು ಹತ್ತಿ ಬರುವವರೂ ಇದ್ದಾರೆ. ರೋಗಿಗಳ ಸಂಖ್ಯೆ ದೊಡ್ಡದು, ನಡೆಸುವುದು ಸರ್ಕಾರಿ ಹಣದಲ್ಲಿ. ಹೀಗಾಗಿ ಔಷಧ ಕಂಪನಿಗಳಿಗೆ ಲಾಭವಿಲ್ಲದ ಪ್ರಶ್ನೆಗಳನ್ನೂ ಇಲ್ಲಿನ ವೈದ್ಯರು ಕೇಳಲು ಸಾಧ್ಯವಾಗಿದೆ.

ಅನುಭವ ಇದ್ದರೆ ಸಾಲದೇ? ಲಾಟರಿ ಯಾಕೆ?

ಮೂವತ್ತು ವರ್ಷ ಆಪರೇಷನ್ ಮಾಡಿದ ಡಾಕ್ಟರ್‌ಗೆ ಯಾವುದು ಒಳ್ಳೆಯದು ಎಂದು ಗೊತ್ತಿರುವುದಿಲ್ಲವೇ ಎಂದು ಕೇಳಬಹುದು. ಎಷ್ಟೋ ಸಲ ಗೊತ್ತಿರುತ್ತದೆ. ಆದರೆ ಅನುಭವ ಮೋಸ ಮಾಡಿದ ಉದಾಹರಣೆಗಳೂ ಇವೆ.

19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಸ್ತನ ಕ್ಯಾನ್ಸರ್‌ಗೆ ದೊಡ್ಡದೊಂದು ಆಪರೇಷನ್ ಜನಪ್ರಿಯಗೊಳಿಸಿದರು. ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನು, ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆಯುವುದು ಆ ವಿಧಾನ. ಹೆಚ್ಚು ತೆಗೆದಷ್ಟೂ ಒಳ್ಳೆಯದು ಎಂಬುದು ನಂಬಿಕೆ. ಸುಮಾರು ಮುಕ್ಕಾಲು ಶತಮಾನ ಅದೇ ನಡೆಯಿತು. 1971ರಲ್ಲಿ ಅಮೆರಿಕದ ಇನ್ನೊಬ್ಬ ಸರ್ಜನ್ ಬರ್ನಾರ್ಡ್ ಫಿಶರ್ ನೇತೃತ್ವದಲ್ಲಿ ದೊಡ್ಡ ಆಪರೇಷನ್ ಮತ್ತು ಚಿಕ್ಕ ಆಪರೇಷನ್ ಹೋಲಿಸುವ ಅಧ್ಯಯನ ಶುರುವಾಯಿತು. 25 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಬದುಕುಳಿಯುವ ಪ್ರಮಾಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಅಂದರೆ ತಲೆಮಾರುಗಳ ಮಹಿಳೆಯರು ಅಗತ್ಯವಿಲ್ಲದ ದೊಡ್ಡ ಗಾಯ ಅನುಭವಿಸಿದ್ದರು.

ತಪ್ಪಾಗುವುದು ಎಲ್ಲಿ? ಡಾಕ್ಟರ್‌ಗಳು ಸಾಮಾನ್ಯವಾಗಿ ಗಟ್ಟಿಮುಟ್ಟಾಗಿರುವ ರೋಗಿಗೆ ದೊಡ್ಡ ಆಪರೇಷನ್ ಸೂಚಿಸುತ್ತಾರೆ, ದುರ್ಬಲರಿಗೆ ಸೂಚಿಸುವುದಿಲ್ಲ. ನಂತರ ಲೆಕ್ಕ ಹಾಕಿದರೆ ಆಪರೇಷನ್ ಆದವರೇ ಹೆಚ್ಚು ದಿನ ಬದುಕಿದಂತೆ ಕಾಣುತ್ತದೆ. ಅದು ಆಪರೇಷನ್ ಗುಣವೋ, ರೋಗಿಯ ಮೈಗುಣವೋ ಎಂದು ಹೇಳಲಾಗುವುದಿಲ್ಲ.

ಇದನ್ನು ತಪ್ಪಿಸಲು ರೋಗಿಗಳನ್ನು ಲಾಟರಿ ಎತ್ತಿದಂತೆ ಎರಡು ಗುಂಪು ಮಾಡುತ್ತಾರೆ. ಯಾರು ಯಾವ ಗುಂಪಿಗೆ ಎಂಬುದನ್ನು ಡಾಕ್ಟರ್ ತೀರ್ಮಾನಿಸುವುದಿಲ್ಲ, ರೋಗಿಯೂ ತೀರ್ಮಾನಿಸುವುದಿಲ್ಲ. ಗುಂಪುಗಳು ದೊಡ್ಡದಾಗಿದ್ದರೆ ವಯಸ್ಸು, ಶಕ್ತಿ, ಬಡತನ, ಗಡ್ಡೆಯ ಗಾತ್ರ ಎಲ್ಲವೂ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ಕೊನೆಯಲ್ಲಿ ಉಳಿಯುವ ಮುಖ್ಯ ವ್ಯತ್ಯಾಸ ಚಿಕಿತ್ಸೆ ಒಂದೇ. ಯಾವ ಚಿಕಿತ್ಸೆ ಮೇಲು ಎಂದು ನಿಜಕ್ಕೂ ಗೊತ್ತಿಲ್ಲದಿದ್ದಾಗ ಮಾತ್ರ ಹೀಗೆ ಮಾಡಲು ಅವಕಾಶ.

1. ಬಾಯಿ ಕ್ಯಾನ್ಸರ್: ಕತ್ತಿನ ಗ್ರಂಥಿ ಈಗಲೇ ತೆಗೆಯಬೇಕೇ, ಕಾದು ನೋಡಬೇಕೇ?

ತಂಬಾಕು, ಗುಟ್ಕಾ, ಅಡಿಕೆಯ ಅಭ್ಯಾಸದಿಂದಾಗಿ ಭಾರತದಲ್ಲಿ ಬಾಯಿ ಕ್ಯಾನ್ಸರ್ ಬಹಳ ಹೆಚ್ಚು. ಈ ಕ್ಯಾನ್ಸರ್ ಮೊದಲು ಹರಡುವುದು ಕತ್ತಿನ ಲಿಂಫ್ ಗ್ರಂಥಿಗಳಿಗೆ. ಆರಂಭದ ಹಂತದಲ್ಲೇ ಪತ್ತೆಯಾಗಿ, ಕತ್ತಿನಲ್ಲಿ ಏನೂ ಕಾಣದಿದ್ದರೆ ಏನು ಮಾಡಬೇಕು?

ಈ ಬಗ್ಗೆ ಸರ್ಜನ್‌ಗಳಲ್ಲಿ ದಶಕಗಳಿಂದ ಎರಡು ಬಣವಿತ್ತು. ಬಾಯಿಯ ಗಡ್ಡೆ ತೆಗೆಯುವಾಗಲೇ ಕತ್ತಿನ ಗ್ರಂಥಿಗಳನ್ನೂ ತೆಗೆದುಬಿಡಿ ಎಂದಿತು ಒಂದು ಬಣ. ಸುಮ್ಮನೆ ಯಾಕೆ ಕತ್ತು ಕೊಯ್ಯಬೇಕು, ಹೆಗಲ ನೋವು, ಗಾಯದ ಗುರುತು ಬೇರೆ, ಗ್ರಂಥಿ ಊದಿಕೊಂಡರೆ ಆಗ ತೆಗೆದರಾಯಿತು ಎಂದಿತು ಇನ್ನೊಂದು ಬಣ. ಎರಡೂ ವಾದದಲ್ಲಿ ಹುರುಳಿತ್ತು.

ಡಾ. ಅನಿಲ್ ಡಿಕ್ರೂಜ್ ನೇತೃತ್ವದಲ್ಲಿ ಟಾಟಾ ಆಸ್ಪತ್ರೆಯ ತಂಡ 2004ರಿಂದ 2014ರವರೆಗೆ 596 ರೋಗಿಗಳನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು. ಮೊದಲ 500 ರೋಗಿಗಳ ಫಲಿತಾಂಶ 2015ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾಯಿತು.

* ಮೊದಲೇ ಕತ್ತಿನ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು: ಶೇ. 80
* ಕಾದು ನೋಡಿದವರಲ್ಲಿ ಬದುಕಿದ್ದವರು: ಶೇ. 67.5
* ಕಾಯಿಲೆ ಮರಳದೆ ಇದ್ದವರು: ಮೊದಲ ಗುಂಪಿನಲ್ಲಿ ಶೇ. 69.5, ಎರಡನೇ ಗುಂಪಿನಲ್ಲಿ ಶೇ. 45.9

ಸರಳವಾಗಿ ಹೇಳುವುದಾದರೆ, ಎಂಟು ರೋಗಿಗಳಿಗೆ ಮೊದಲೇ ಕತ್ತಿನ ಆಪರೇಷನ್ ಮಾಡಿದರೆ ಮೂರು ವರ್ಷದ ಹೊತ್ತಿಗೆ ಒಂದು ಜೀವ ಹೆಚ್ಚು ಉಳಿದಿರುತ್ತದೆ. ಇದಕ್ಕೆ ಬೆಲೆಯೂ ಇತ್ತು. ತೊಂದರೆ ಕಾಣಿಸಿಕೊಂಡ ಪ್ರಮಾಣ ಮೊದಲ ಗುಂಪಿನಲ್ಲಿ ಶೇ. 6.6, ಎರಡನೆಯದರಲ್ಲಿ ಶೇ. 3.6. ಆದರೆ ಉಳಿದ ಜೀವಗಳ ಮುಂದೆ ಆ ಬೆಲೆ ಚಿಕ್ಕದು. 'ಕಾದು ನೋಡೋಣ' ಎಂಬ ಮಾತಿಗೆ ಅಲ್ಲಿಂದ ಮುಂದೆ ಬಲ ಉಳಿಯಲಿಲ್ಲ.

2. ಹರಡಿದ ಸ್ತನ ಕ್ಯಾನ್ಸರ್: ಆಪರೇಷನ್‌ನಿಂದ ಲಾಭವಿಲ್ಲ ಎಂದ ಅಧ್ಯಯನ

ಆಪರೇಷನ್ ಬೇಕು ಎಂದು ತೋರಿಸುವ ಅಧ್ಯಯನದಷ್ಟೇ, ಬೇಡ ಎಂದು ತೋರಿಸುವ ಅಧ್ಯಯನವೂ ಮುಖ್ಯ.

ಸ್ತನ ಕ್ಯಾನ್ಸರ್ ಆಗಲೇ ಮೂಳೆಗೋ, ಶ್ವಾಸಕೋಶಕ್ಕೋ, ಯಕೃತ್ತಿಗೋ ಹರಡಿದ್ದರೆ ಸ್ತನದ ಗಡ್ಡೆಯನ್ನು ತೆಗೆಯಬೇಕೇ? 'ಮೂಲವನ್ನೇ ಕಿತ್ತುಹಾಕಿ' ಎಂದು ಮನೆಯವರಿಗೆ ಅನಿಸುವುದು ಸಹಜ. ಹಳೆಯ ಆಸ್ಪತ್ರೆ ದಾಖಲೆಗಳನ್ನು ನೋಡಿ ಮಾಡಿದ ಹಲವು ವಿದೇಶಿ ಅಧ್ಯಯನಗಳೂ ಆಪರೇಷನ್ ಆದವರು ಹೆಚ್ಚು ದಿನ ಬದುಕಿದ್ದಾರೆ ಎಂದಿದ್ದವು.

ಡಾ. ರಾಜೇಂದ್ರ ಬಡ್ವೆ ಮತ್ತು ತಂಡ ಇದನ್ನು ಲಾಟರಿ ಪದ್ಧತಿಯಲ್ಲಿ ಪರೀಕ್ಷಿಸಿತು. 2005ರಿಂದ 2013ರವರೆಗೆ, ಕೀಮೋಥೆರಪಿಗೆ ಸ್ಪಂದಿಸಿದ್ದ 350 ಮಹಿಳೆಯರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಸ್ತನ ಮತ್ತು ಕಂಕುಳಿನ ಆಪರೇಷನ್, ಜೊತೆಗೆ ರೇಡಿಯೇಷನ್. ಇನ್ನೊಂದಕ್ಕೆ ಅದಿಲ್ಲ. 2015ರಲ್ಲಿ 'ಲ್ಯಾನ್ಸೆಟ್ ಆಂಕಾಲಜಿ'ಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆಪರೇಷನ್ ಆದ ಗುಂಪಿನಲ್ಲಿ ಅರ್ಧದಷ್ಟು ಮಂದಿ ಬದುಕಿದ್ದ ಅವಧಿ 19.2 ತಿಂಗಳು. ಆಪರೇಷನ್ ಇಲ್ಲದ ಗುಂಪಿನಲ್ಲಿ 20.5 ತಿಂಗಳು. ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು.

ಹಳೆಯ ದಾಖಲೆಗಳು ಹೇಳಿದ್ದ ಲಾಭ, ಗಟ್ಟಿ ರೋಗಿಗಳನ್ನು ಆರಿಸಿ ಆಪರೇಷನ್ ಮಾಡಿದ್ದರಿಂದ ಕಂಡ ಲಾಭ ಎಂಬ ಅನುಮಾನ ಇದರಿಂದ ಬಲವಾಯಿತು. ನಂತರ ಅಮೆರಿಕದಲ್ಲಿ ನಡೆದ ಇಂಥದ್ದೇ ಅಧ್ಯಯನದಲ್ಲೂ ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲ. ಗಾಯವಾಗಿ ರಕ್ತ ಸೋರುತ್ತಿದ್ದರೆ, ನೋವಿದ್ದರೆ ಅದರ ಉಪಶಮನಕ್ಕೆ ಆಪರೇಷನ್ ಬೇಕಾಗಬಹುದು. ಅದು ಬೇರೆ ಮಾತು. ಆಯುಷ್ಯ ಹೆಚ್ಚುತ್ತದೆ ಎಂಬ ಆಸೆಯಿಂದ ಎಲ್ಲರಿಗೂ ಮಾಡಬೇಕಿಲ್ಲ. ಕೊನೆಯ ದಿನಗಳಲ್ಲಿರುವ ಕುಟುಂಬಕ್ಕೆ ಇದರಿಂದ ಉಳಿಯುವುದು ಹಣವೊಂದೇ ಅಲ್ಲ, ರೋಗಿಯ ಜೊತೆ ಕಳೆಯಬಹುದಾದ ದಿನಗಳೂ ಹೌದು.

3. ಆಪರೇಷನ್‌ಗೆ ಮುಂಚೆ ಒಂದು ಅಗ್ಗದ ಇಂಜೆಕ್ಷನ್

ಹಲ್ಲು ಕೀಳುವಾಗ ದವಡೆ ಮರಗಟ್ಟಿಸಲು ಕೊಡುವ ಇಂಜೆಕ್ಷನ್ ನಿಮಗೆ ಗೊತ್ತಿರಬಹುದು. ಅದೇ ಲಿಡೊಕೇನ್. ನಮ್ಮಲ್ಲಿ ಲಿಗ್ನೊಕೇನ್ ಎಂದೂ ಕರೆಯುತ್ತಾರೆ. ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ರೋಗಿಗೆ ಹೇಗೂ ಪೂರ್ತಿ ಅರಿವಳಿಕೆ ಇರುತ್ತದೆ. ಹಾಗಾದರೆ ಇದು ಯಾಕೆ?

ಆಪರೇಷನ್ ಸಮಯದಲ್ಲಿ ಗಡ್ಡೆಯನ್ನು ಮುಟ್ಟಿ, ಕತ್ತರಿಸುವಾಗ ಆಗುವ ಒತ್ತಡಕ್ಕೆ ಕ್ಯಾನ್ಸರ್ ಕೋಶಗಳು ಪ್ರತಿಕ್ರಿಯಿಸಿ ಹರಡಲು ಸಜ್ಜಾಗಬಹುದು ಎಂಬುದು ಸಂಶೋಧಕರ ಊಹೆ. ಕೋಶಗಳ ಹೊರಪದರದಲ್ಲಿರುವ ಸೋಡಿಯಂ ದ್ವಾರಗಳನ್ನು ಲಿಡೊಕೇನ್ ಮುಚ್ಚುತ್ತದೆ. ಗಡ್ಡೆಯ ಸುತ್ತ ಮೊದಲೇ ಅದನ್ನು ಚುಚ್ಚಿದರೆ ಆ ಪ್ರತಿಕ್ರಿಯೆ ತಡೆಯಬಹುದೇ ಎಂಬುದು ಪ್ರಶ್ನೆ.

ಆಗ ಟಾಟಾ ಮೆಮೋರಿಯಲ್ ಸೆಂಟರ್‌ನ ನಿರ್ದೇಶಕರಾಗಿದ್ದ ಡಾ. ಬಡ್ವೆ ನೇತೃತ್ವದಲ್ಲಿ 2011ರಿಂದ 2022ರವರೆಗೆ ದೇಶದ 11 ಕ್ಯಾನ್ಸರ್ ಕೇಂದ್ರಗಳಲ್ಲಿ, ಆರಂಭಿಕ ಹಂತದ ಸ್ತನ ಕ್ಯಾನ್ಸರ್ ಇದ್ದ 1,600 ಮಹಿಳೆಯರ ಮೇಲೆ ಅಧ್ಯಯನ ನಡೆಯಿತು. ಒಂದು ಗುಂಪಿಗೆ ಆಪರೇಷನ್‌ಗೆ 7ರಿಂದ 10 ನಿಮಿಷ ಮೊದಲು ಗಡ್ಡೆಯ ಸುತ್ತ ಲಿಡೊಕೇನ್. ಇನ್ನೊಂದು ಗುಂಪಿಗೆ ನೇರ ಆಪರೇಷನ್. ಉಳಿದ ಚಿಕಿತ್ಸೆ ಇಬ್ಬರಿಗೂ ಎಂದಿನಂತೆ.

2022ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನ ಯುರೋಪಿಯನ್ ಕ್ಯಾನ್ಸರ್ ಸಮ್ಮೇಳನದಲ್ಲಿ ಮಂಡನೆಯಾಗಿ, 2023ರಲ್ಲಿ 'ಜರ್ನಲ್ ಆಫ್ ಕ್ಲಿನಿಕಲ್ ಆಂಕಾಲಜಿ'ಯಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ:

* ಐದು ವರ್ಷ ಕಾಯಿಲೆ ಮರಳದೆ ಇದ್ದವರು: ಇಂಜೆಕ್ಷನ್ ಪಡೆದವರಲ್ಲಿ ಶೇ. 86.6, ಪಡೆಯದವರಲ್ಲಿ ಶೇ. 82.6
* ಐದು ವರ್ಷದ ನಂತರ ಬದುಕಿದ್ದವರು: ಶೇ. 90.1 ಮತ್ತು ಶೇ. 86.4
* ಲಿಡೊಕೇನ್‌ನಿಂದ ಅಡ್ಡಪರಿಣಾಮ: ವರದಿಯಾಗಿಲ್ಲ

ಇಂಜೆಕ್ಷನ್‌ನ ಖರ್ಚು ರೋಗಿಯೊಬ್ಬರಿಗೆ ಸುಮಾರು ನೂರು ರೂಪಾಯಿ. ಪೇಟೆಂಟ್ ಇಲ್ಲದ ಇಂಥ ಹಳೆಯ ಔಷಧದ ಮೇಲೆ ಹತ್ತು ವರ್ಷ ಅಧ್ಯಯನ ಮಾಡಲು ಕಂಪನಿಗಳು ಹಣ ಹಾಕುವುದು ಅಪರೂಪ.

ಎಚ್ಚರಿಕೆಯ ಮಾತೂ ಇದೆ. ಎರಡನೇ ಗುಂಪಿನವರಿಗೆ ಹುಸಿ ಇಂಜೆಕ್ಷನ್ ಕೊಟ್ಟಿರಲಿಲ್ಲ. ಕೋಶಗಳ ಮಟ್ಟದಲ್ಲಿ ಏನಾಗುತ್ತದೆ ಎಂಬುದನ್ನು ಈ ಅಧ್ಯಯನ ನೇರವಾಗಿ ಅಳೆದಿಲ್ಲ. ಆದ್ದರಿಂದ ಬೇರೆ ದೇಶಗಳಲ್ಲೂ ಇದೇ ಫಲಿತಾಂಶ ಸಿಕ್ಕರೆ ಮಾತ್ರ ನಂಬಿಕೆ ಗಟ್ಟಿಯಾಗುತ್ತದೆ.

'ಶೇ. 29 ಇಳಿಕೆ' ಎಂದರೆ ಎಷ್ಟು?

ಇದೇ ಸುದ್ದಿ 'ಸಾವಿನ ಅಪಾಯ ಶೇ. 29ರಷ್ಟು ಇಳಿಕೆ' ಎಂದೂ ಬಂದಿತ್ತು. ಮೇಲಿನ ಲೆಕ್ಕದಲ್ಲಿ ವ್ಯತ್ಯಾಸ ಶೇ. 3.7 ಮಾತ್ರ. ಯಾವುದು ಸರಿ?

ಎರಡೂ ಸರಿ. 100 ಮಹಿಳೆಯರಲ್ಲಿ ಇಂಜೆಕ್ಷನ್ ಇಲ್ಲದೆ ಐದು ವರ್ಷದಲ್ಲಿ ತೀರಿಕೊಂಡವರು ಸುಮಾರು 14. ಇಂಜೆಕ್ಷನ್ ಪಡೆದವರಲ್ಲಿ ಸುಮಾರು 10. ಹದಿನಾಲ್ಕು ಹತ್ತಕ್ಕೆ ಇಳಿಯಿತು ಎಂದರೆ ಹೆಚ್ಚುಕಡಿಮೆ ಕಾಲು ಭಾಗಕ್ಕಿಂತ ಹೆಚ್ಚು ಇಳಿಕೆ. ಆದರೆ ನೂರು ಜನರಲ್ಲಿ ಉಳಿದಿದ್ದು ಸುಮಾರು ನಾಲ್ಕು ಜೀವ. ಮೊದಲನೆಯದು ಹೋಲಿಕೆಯ ಲೆಕ್ಕ, ಎರಡನೆಯದು ತಲೆ ಎಣಿಕೆಯ ಲೆಕ್ಕ. ಚಿಕಿತ್ಸೆಯ ಬಗ್ಗೆ ದೊಡ್ಡ ಶೇಕಡಾವಾರು ಓದಿದಾಗಲೆಲ್ಲ 'ನೂರರಲ್ಲಿ ಎಷ್ಟು ಮಂದಿಗೆ?' ಎಂದು ಕೇಳಿಕೊಳ್ಳಿ. ನೂರು ರೂಪಾಯಿಯ ಇಂಜೆಕ್ಷನ್‌ಗೆ ನಾಲ್ಕು ಜೀವ ಬಹಳ ದೊಡ್ಡದು. ಲಕ್ಷಾಂತರ ರೂಪಾಯಿಯ ಔಷಧವಾದರೆ ಕುಟುಂಬ ಬೇರೆ ರೀತಿ ಯೋಚಿಸಬೇಕಾಗುತ್ತದೆ.

4. ದುಬಾರಿ ಔಷಧ, ಕಡಿಮೆ ಡೋಸ್

ಇಮ್ಯುನೋಥೆರಪಿ ಔಷಧ ನಿವೊಲುಮಾಬ್‌ನ ಪೂರ್ತಿ ಡೋಸ್ ಭಾರತದ ಬಹುಪಾಲು ರೋಗಿಗಳ ಕೈಗೆಟುಕುವುದಿಲ್ಲ. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುವ ಈ ಔಷಧವನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟರೆ?

ಟಾಟಾ ಆಸ್ಪತ್ರೆಯ ವೈದ್ಯರು ಮುಂದುವರಿದ ಹಂತದ ತಲೆ ಮತ್ತು ಕತ್ತಿನ ಕ್ಯಾನ್ಸರ್ ಇದ್ದ 151 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಬಾಯಿಯ ಮೂಲಕ ಕೊಡುವ ಅಗ್ಗದ ಔಷಧಗಳ ಜೊತೆಗೆ ಇದನ್ನೂ ಕೊಟ್ಟಾಗ ಒಂದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಶೇ. 16.3ರಿಂದ ಶೇ. 43.4ಕ್ಕೆ ಏರಿತು. 2023ರಲ್ಲಿ ಇದು ಪ್ರಕಟವಾಯಿತು. ಇದರರ್ಥ ಕಡಿಮೆ ಡೋಸ್ ಪೂರ್ತಿ ಡೋಸ್‌ಗೆ ಸಮ ಎಂದಲ್ಲ. ಅವೆರಡನ್ನು ಇಲ್ಲಿ ಹೋಲಿಸಿಲ್ಲ. ಪೂರ್ತಿ ಡೋಸ್ ಕೊಳ್ಳಲಾಗದವರಿಗೆ ಏನೂ ಇಲ್ಲದ್ದಕ್ಕಿಂತ ಇದು ಎಷ್ಟೋ ಮೇಲು ಎಂಬುದು ತಿಳಿದಂತಾಯಿತು.

ವಿವಾದ ಇಲ್ಲವೇ?

ಇದೆ. ಮುಂಬೈನ ಕೊಳೆಗೇರಿಗಳಲ್ಲಿ 1998ರಲ್ಲಿ ಶುರುವಾದ ದೊಡ್ಡ ಅಧ್ಯಯನದಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರಿದ್ದರು. ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಹಚ್ಚಿ, ಬಿಳಿ ಕಲೆ ಕಾಣುತ್ತದೆಯೇ ಎಂದು ಬರಿಗಣ್ಣಿನಲ್ಲಿ ನೋಡುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಹೀಗೆ ತಪಾಸಣೆಯಾದ ಗುಂಪಿನಲ್ಲಿ ಗರ್ಭಕಂಠ ಕ್ಯಾನ್ಸರ್ ಸಾವು ಶೇ. 31ರಷ್ಟು ಇಳಿಯಿತು. ಡಾ. ಸುರೇಂದ್ರ ಶಾಸ್ತ್ರಿ 2013ರಲ್ಲಿ ಷಿಕಾಗೋದಲ್ಲಿ ಈ ಫಲಿತಾಂಶ ಮಂಡಿಸಿದರು.

ಆದರೆ ಇನ್ನೊಂದು ಗುಂಪಿನ ಸುಮಾರು 76 ಸಾವಿರ ಮಹಿಳೆಯರಿಗೆ ಸಿಕ್ಕಿದ್ದು ಕ್ಯಾನ್ಸರ್ ಬಗ್ಗೆ ತಿಳಿವಳಿಕೆ ಮಾತ್ರ, ತಪಾಸಣೆಯಲ್ಲ. ತಪಾಸಣೆಯಿಂದ ಜೀವ ಉಳಿಯುತ್ತದೆ ಎಂದು ಪ್ಯಾಪ್ ಪರೀಕ್ಷೆಯಿಂದ ಮೊದಲೇ ಗೊತ್ತಿರುವಾಗ ಅವರನ್ನು ಹಾಗೇ ಬಿಟ್ಟಿದ್ದು ಸರಿಯೇ ಎಂದು ಟೀಕಾಕಾರರು ಕೇಳಿದರು. ಸಂಶೋಧಕರ ಸಮರ್ಥನೆ ಬೇರೆ: ಆಗ ಭಾರತದಲ್ಲಿ ಸಾಮೂಹಿಕ ತಪಾಸಣೆ ಎಂಬುದೇ ಇರಲಿಲ್ಲ, ಆ ಮಹಿಳೆಯರಿಗೆ ಎಲ್ಲರಿಗೂ ಸಿಗುತ್ತಿದ್ದುದಕ್ಕಿಂತ ಕಡಿಮೆ ಏನೂ ಸಿಗಲಿಲ್ಲ. ಎರಡೂ ಮಾತನ್ನು ತೂಗಿ ನೋಡಬೇಕಾದ್ದೇ. ಹೋಲಿಕೆಯ ಗುಂಪಿಗೆ ಏನು ಸಿಗುತ್ತದೆ ಎಂಬುದು ಯಾವುದೇ ಅಧ್ಯಯನಕ್ಕೆ ಕೇಳಬೇಕಾದ ಮೊದಲ ಪ್ರಶ್ನೆ ಎಂಬುದನ್ನು ಈ ವಿವಾದ ನೆನಪಿಸುತ್ತದೆ.

ನಿಮ್ಮನ್ನು ಅಧ್ಯಯನಕ್ಕೆ ಕರೆದರೆ ಏನು ಮಾಡಬೇಕು?

'ನಮ್ಮವರ ಮೇಲೆ ಪ್ರಯೋಗ ಮಾಡ್ತಾರಂತೆ' ಎಂದು ಹೆದರಿ ಎದ್ದು ಹೋಗಬೇಕಿಲ್ಲ. ಹಾಗೆಂದು ಕಣ್ಣುಮುಚ್ಚಿ ಸಹಿ ಹಾಕಲೂ ಬಾರದು.

* ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಮುಂಬೈನಲ್ಲಿ ಮರಾಠಿ, ಹಿಂದಿ ಬಾರದಿದ್ದರೆ ಕನ್ನಡದಲ್ಲಿ ವಿವರಿಸಲು ಕೇಳಿ. ಓದು ಬಾರದವರಿಗೆ ಓದಿ ಹೇಳಬೇಕು, ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿ ಇರಬೇಕು.
* ಬೇಡ ಎನ್ನುವ ಹಕ್ಕಿದೆ. ಸೇರದಿದ್ದರೆ ಅಥವಾ ನಡುವೆ ಹೊರಬಂದರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.
* ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ಕೇಳಿ. ಸಮಿತಿಯ ಸಂಪರ್ಕ ವಿವರ ಒಪ್ಪಿಗೆ ಪತ್ರದಲ್ಲಿರಬೇಕು.
* ನೋಂದಣಿ ಸಂಖ್ಯೆ ಕೇಳಿ. 2007ರಲ್ಲಿ ಶುರುವಾದ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಜಾಲತಾಣದಲ್ಲಿ ಯಾರು ಬೇಕಾದರೂ ಅಧ್ಯಯನದ ವಿವರ ನೋಡಬಹುದು. ಔಷಧ ಪ್ರಯೋಗಗಳಿಗೆ 2009ರ ಜೂನ್ 15ರಿಂದ ನೋಂದಣಿ ಕಡ್ಡಾಯ.
* ತೊಂದರೆಯಾದರೆ ಯಾರು ಹೊಣೆ? ಹೊಸ ಔಷಧಗಳ ಪ್ರಯೋಗದಲ್ಲಿ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರಕ್ಕೆ 2019ರ ನಿಯಮಗಳಲ್ಲಿ ಅವಕಾಶವಿದೆ.
* ಎರಡೂ ಗುಂಪಿಗೆ ಏನು ಸಿಗುತ್ತದೆ, ಎಷ್ಟು ಸಲ ಬರಬೇಕು, ಹೆಚ್ಚುವರಿ ಪರೀಕ್ಷೆಯ ಖರ್ಚು ಯಾರದ್ದು ಎಂಬುದನ್ನು ಸಹಿಗೆ ಮೊದಲೇ ಕೇಳಿ ತಿಳಿದುಕೊಳ್ಳಿ. ಮನೆಗೆ ಹೋಗಿ ಯೋಚಿಸಿ ಬರುತ್ತೇನೆ ಎಂದರೂ ತಪ್ಪಿಲ್ಲ.

ಫಾಲೋ-ಅಪ್ ತಪ್ಪಿಸಬೇಡಿ

ಅಧ್ಯಯನದಲ್ಲಿ ಇರಲಿ, ಇಲ್ಲದಿರಲಿ, ಆಪರೇಷನ್ ಆದ ಮೇಲಿನ ತಪಾಸಣೆಗಳೇ ಎಷ್ಟೋ ಸಲ ಜೀವ ಉಳಿಸುವುದು. ಬಾಯಿ ಕ್ಯಾನ್ಸರ್ ಅಧ್ಯಯನದಲ್ಲಿ ಕಾದು ನೋಡಿದ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಾಯಿಲೆ ಮರಳಿತ್ತು ಎಂಬುದನ್ನು ಗಮನಿಸಿ. ದೂರದ ಊರು, ರೈಲಿನ ಖರ್ಚು, ಒಂದು ದಿನದ ಕೂಲಿ, ಮುಂಬೈನಲ್ಲಿ ಉಳಿಯಲು ಜಾಗ ಎಲ್ಲವೂ ಕಷ್ಟವೇ. ಬರಲಾಗದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿ, ಹತ್ತಿರದ ಕ್ಯಾನ್ಸರ್ ಕೇಂದ್ರದಲ್ಲಿ ತೋರಿಸಬಹುದೇ ಎಂದು ಕೇಳಿ. 2012ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ದೇಶದ ಕ್ಯಾನ್ಸರ್ ಆಸ್ಪತ್ರೆಗಳನ್ನು ಒಂದೇ ಜಾಲಕ್ಕೆ ತಂದಿರುವುದೂ ರೋಗಿ ಎಲ್ಲಿದ್ದರೂ ಸಮಾನ ಗುಣಮಟ್ಟದ ಚಿಕಿತ್ಸೆ ಸಿಗಲಿ ಎಂದೇ.

ಅಧ್ಯಯನದಲ್ಲಿರುವ ರೋಗಿ ತಪಾಸಣೆಗೆ ಬಾರದೆ ಹೋದರೆ ಅವರು ಬದುಕಿದ್ದಾರೋ ಇಲ್ಲವೋ ಎಂಬುದೇ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಅಂಥವರು ಹೆಚ್ಚಾದರೆ ಹತ್ತು ವರ್ಷದ ಶ್ರಮವೂ ವ್ಯರ್ಥ. ಇಂದು ಬಾಯಿ ಕ್ಯಾನ್ಸರ್ ಇರುವವರಿಗೆ ಕತ್ತಿನ ಆಪರೇಷನ್ ಬಗ್ಗೆ ಡಾಕ್ಟರ್ ಖಚಿತವಾಗಿ ಮಾತನಾಡುತ್ತಿದ್ದರೆ, ಅದು ಅಂದು ಪರೇಲ್‌ಗೆ ಮತ್ತೆ ಮತ್ತೆ ಬಂದು ತೋರಿಸಿಕೊಂಡ ಐನೂರು ರೋಗಿಗಳಿಂದ. ಅವರಲ್ಲಿ ಕೆಲವರಿಗೆ ಅದರ ಲಾಭ ಸಿಗಲಿಲ್ಲ. ನಂತರ ಬಂದವರಿಗೆ ಸಿಗುತ್ತಿದೆ.

(ಸೂಚನೆ: ಇದು ಸಾಮಾನ್ಯ ಮಾಹಿತಿ ಮಾತ್ರ. ಯಾವ ಚಿಕಿತ್ಸೆ ಸೂಕ್ತ ಎಂಬುದನ್ನು ರೋಗಿಯನ್ನು ನೋಡಿದ ವೈದ್ಯರೇ ಹೇಳಬೇಕು.)